ತೀರದಾಚೆಯ ಪುಟ್ಟ ನೆಲಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಕಡಲಹಕ್ಕಿಗಳ ವಲಸೆಯ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಹಕ್ಕಿಗಳಿಗಿಂತ ಅವು ಮೊಟ್ಟೆಯಿಡಲು ಹುಡುಕಿಕೊಂಡು ಹೋಗುವ ಸಣ್ಣ ದ್ವೀಪಗಳ ಕುರಿತೇ ಕೇಳಿವೆ. ಇದರಿಂದ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ಕೆಲಸದ ಬಹುಪಾಲು ಕಳೆದದ್ದು ಅಂಥ ದ್ವೀಪಗಳಲ್ಲಿ ಹಕ್ಕಿ ಎಣಿಸುತ್ತ. ಹಾಗಾಗಿ ಈ ಬಾರಿಯ ಪುಟಗಳು ಪೂರ್ತಿ ಅವಕ್ಕೇ ಮೀಸಲು. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಸಮುದ್ರದ ನಡುವಿನ ಸಣ್ಣ ದ್ವೀಪಗಳೆಲ್ಲ ಜ್ವಾಲಾಮುಖಿಯಿಂದ ಹುಟ್ಟಿದವು ಎಂದು ನಮ್ಮ ಮೇಷ್ಟ್ರು ಹೇಳಿದರು. ನಿಜವೇ?

ಉತ್ತರ: ಕೆಲವು ಮಾತ್ರ. ತೀರದಲ್ಲಿ ನಿಂತರೆ ಕಣ್ಣಿಗೆ ಕಾಣುವಷ್ಟು ಹತ್ತಿರದ ದ್ವೀಪಗಳಲ್ಲಿ ಬಹಳಷ್ಟು ಹಿಂದೊಮ್ಮೆ ಬರೀ ಗುಡ್ಡಗಳಾಗಿದ್ದವು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಚಳಿ ತುತ್ತತುದಿಯಲ್ಲಿದ್ದಾಗ, ಸಮುದ್ರಮಟ್ಟ ಈಗಿರುವುದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿ ನೀರು ಏರಿತು, ತಗ್ಗುಗಳು ಮುಳುಗಿದವು, ಗುಡ್ಡದ ನೆತ್ತಿಗಳು ನೀರಿನ ಮೇಲೆ ಉಳಿದವು. ಅಲ್ಲಿದ್ದ ಪ್ರಾಣಿಗಳೂ ಅವುಗಳೊಂದಿಗೇ ಉಳಿದವು.

ಬೆಂಕಿಯಿಂದ ಹುಟ್ಟಿದವೂ ಇವೆ. 1963ರ ನವೆಂಬರ್ 14ರ ಬೆಳಿಗ್ಗೆ ಐಸ್‌ಲ್ಯಾಂಡಿನ ದಕ್ಷಿಣ ತೀರದಾಚೆ ಮೀನು ಹಿಡಿಯುತ್ತಿದ್ದವರಿಗೆ ಕಡಲಿನಿಂದ ಹೊಗೆ ಏಳುವುದು ಕಂಡಿತು. ಬೇರೆ ದೋಣಿಗೆ ಬೆಂಕಿ ಬಿದ್ದಿರಬೇಕೆಂದು ಹತ್ತಿರ ಹೋದರೆ ಅಲ್ಲಿ ನೀರೇ ಸಿಡಿಯುತ್ತಿತ್ತು. ಹಾಗೆ ಎದ್ದ ಸುರ್ಟ್ಸೆ ದ್ವೀಪ 1967ರ ಜೂನ್‌ವರೆಗೆ ಬೆಳೆದು 2.7 ಚದರ ಕಿಲೋಮೀಟರ್ ಆಯಿತು. ಅಂದಿನಿಂದ ಅಲೆಗಳು ಅದನ್ನು ಕೊರೆಯುತ್ತಲೇ ಇವೆ; ಈಗ ಉಳಿದಿರುವುದು ಅದರ ಅರ್ಧದಷ್ಟು.

ಮೂರನೆಯ ಬಗೆ ಹವಳದ್ದು. ಉಂಗುರದಂತೆ ಕಾಣುವ ಹವಳದ್ವೀಪಗಳ ಕೆಳಗೆ ಕುಸಿದುಹೋದ ಜ್ವಾಲಾಮುಖಿ ಇರಬೇಕು, ಅದು ಇಳಿದಂತೆ ಹವಳ ಮೇಲಕ್ಕೆ ಕಟ್ಟುತ್ತ ಬಂದಿರಬೇಕು ಎಂದು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಬರೆದರು. ನೂರಹತ್ತು ವರ್ಷಗಳ ನಂತರ, 1952ರಲ್ಲಿ, ಪೆಸಿಫಿಕ್‌ನ ಎನೆವೆಟಕ್‌ನಲ್ಲಿ ಕೊಳವೆ ಇಳಿಸಿ ಕೊರೆದಾಗ 1,200 ಮೀಟರಿಗೂ ಹೆಚ್ಚು ದಪ್ಪದ ಹವಳದ ಸುಣ್ಣಕಲ್ಲು ದಾಟಿದ ಮೇಲೆ ಜ್ವಾಲಾಮುಖಿಯ ಕಪ್ಪು ಶಿಲೆ ಸಿಕ್ಕಿತು. ಇಂಥ ದ್ವೀಪಗಳ ಬಿಳಿ ಮರಳು ಎಲ್ಲಿಂದ ಬಂತೆಂದು ಒಬ್ಬರು ಕೇಳಿದ್ದೀರಿ. ಅದರಲ್ಲಿ ದೊಡ್ಡ ಪಾಲು ಗಿಳಿಮೀನುಗಳ ಹೊಟ್ಟೆಯಿಂದ. ಅವು ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕೆರೆದು, ಅರೆದು, ತಿನ್ನಲು ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಮರಳಾಗಿ ಹೊರಹಾಕುತ್ತವೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು.

ಹುಟ್ಟು ಯಾವುದೆಂಬುದು ಮುಖ್ಯ. ಗುಡ್ಡ ಮುಳುಗಿ ಆದ ದ್ವೀಪಕ್ಕೆ ಹಾವು, ಕಪ್ಪೆ, ಮೂಗಿಲಿಗಳು ಪಿತ್ರಾರ್ಜಿತವಾಗಿ ಬರುತ್ತವೆ. ಬೆಂಕಿಯಿಂದಲೋ ಹವಳದಿಂದಲೋ ಆದ ದ್ವೀಪಕ್ಕೆ ಪ್ರತಿಯೊಂದು ಜೀವವೂ ಸಮುದ್ರ ದಾಟಿಯೇ ಬರಬೇಕು.

ಪ್ರಶ್ನೆ: ಸುತ್ತಲೂ ಉಪ್ಪುನೀರು. ಆದರೂ ಮರಳಿನ ದ್ವೀಪದಲ್ಲಿ ಬಾವಿ ತೋಡಿದರೆ ಸಿಹಿನೀರು ಸಿಗುವುದು ಹೇಗೆ?

ಉತ್ತರ: ಅದು ಮಳೆಯ ನೀರು. ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರ. ಕೆಳಗೆ ನೆಲದ ಸಂದುಗಳಲ್ಲಿ ತುಂಬಿರುವ ಸಮುದ್ರದ ನೀರಿನ ಮೇಲೆ ಅದು ಬೆರೆಯದೆ ತೇಲಿಕೊಂಡಿರುತ್ತದೆ: ದ್ವೀಪದ ನಡುವೆ ದಪ್ಪಗೆ, ಅಂಚಿನ ಕಡೆ ತೆಳ್ಳಗೆ, ಮಸೂರದ ಆಕಾರದಲ್ಲಿ. ಲೆಕ್ಕ ಹೀಗಿದೆ: ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ನಿಂತಿದ್ದರೆ, ಕೆಳಗೆ ಸುಮಾರು 40 ಮೀಟರ್‌ವರೆಗೂ ಸಿಹಿನೀರು ಇರಬಲ್ಲದು. ಇದೇ ಲೆಕ್ಕವನ್ನು ತಿರುಗಿಸಿ ನೋಡಿ, ಅಪಾಯ ಅರ್ಥವಾಗುತ್ತದೆ. ಪಂಪು ಹಾಕಿ ಮೇಲಿನ ಮಟ್ಟವನ್ನು ಒಂದು ಗೇಣು ಇಳಿಸಿದರೆ ಕೆಳಗಿನಿಂದ ಉಪ್ಪುನೀರು ನಲವತ್ತು ಗೇಣು ಏರಿ ಬರುತ್ತದೆ. ಚಿಕ್ಕ ದ್ವೀಪದಲ್ಲಿ ಬಾವಿಯಿಂದ ಕೈಯಲ್ಲಿ ಸೇದುವವರೇ ಜಾಣರು. ಉಬ್ಬರವಿಳಿತಕ್ಕೆ ತಕ್ಕಂತೆ ಅಂಥ ಬಾವಿಯ ನೀರು ಏರಿಳಿಯುವುದನ್ನೂ ಕಾಣಬಹುದು.

ಪ್ರಶ್ನೆ: ಹಕ್ಕಿ ಹಾರಿ ಬಂತು, ಸರಿ. ಹಲ್ಲಿ, ಆಮೆ, ಜೇಡ ಹೇಗೆ ಬಂದವು? ಯಾರಾದರೂ ತಂದು ಬಿಟ್ಟಿರಬೇಕಲ್ಲವೇ?

ಉತ್ತರ: ಹಾಗೆಂದು ಬಹಳ ಜನ ವಿಜ್ಞಾನಿಗಳೂ ಅನುಮಾನಿಸುತ್ತಿದ್ದರು. 1995ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಎರಡು ಚಂಡಮಾರುತಗಳು ಬೆನ್ನುಬೆನ್ನಿಗೆ ಬೀಸಿದವು. ಕೆಲವು ವಾರಗಳ ನಂತರ ಆಂಗ್ವಿಲ್ಲಾ ದ್ವೀಪದ ತೀರಕ್ಕೆ ಬೇರುಸಮೇತ ಕಿತ್ತ ಮರಗಳ ದೊಡ್ಡ ರಾಶಿಯೊಂದು ತೇಲಿ ಬಂತು. ಅದರ ಮೇಲೆ ಕನಿಷ್ಠ 15 ಹಸಿರು ಇಗ್ವಾನಾಗಳು, ಅಂದರೆ ಹಲ್ಲಿಯ ಬಳಗದ ದೊಡ್ಡ ಪ್ರಾಣಿಗಳು. ಆ ದ್ವೀಪದಲ್ಲಿ ಆ ಜಾತಿ ಅಲ್ಲಿಯವರೆಗೆ ಇರಲೇ ಇಲ್ಲ. ಅವು ಇಳಿದವು, ಬದುಕಿದವು.

ಆಮೆಯದು ಇನ್ನೂ ಸೋಜಿಗ. ಹಿಂದೂ ಮಹಾಸಾಗರದ ಅಲ್ಡಾಬ್ರಾದಲ್ಲಿ ಸುಮಾರು ಒಂದು ಲಕ್ಷ ದೈತ್ಯ ಆಮೆಗಳಿವೆ. ಅವು ನೆಲದ ಆಮೆಗಳು, ಈಜಲು ಹುಟ್ಟು ಹಾಕುವ ಕಾಲು ಅವಕ್ಕಿಲ್ಲ. 2004ರ ಡಿಸೆಂಬರ್‌ನಲ್ಲಿ ಅಂಥ ಒಂದು ಆಮೆ ಟಾಂಜಾನಿಯಾದ ಕಿಂಬಿಜಿ ತೀರದಲ್ಲಿ ನೀರಿನಿಂದ ನಡೆದು ಮೇಲೆ ಬಂತು. ಅದರ ಕಾಲುಗಳಿಗೆ, ಚಿಪ್ಪಿನ ಕೆಳಭಾಗಕ್ಕೆ ಬಾರ್ನಕಲ್‌ಗಳು ಅಂಟಿಕೊಂಡು ಬೆಳೆದಿದ್ದವು. ಹಡಗಿನ ತಳಕ್ಕೆ ಕಚ್ಚಿಕೊಳ್ಳುವ ಆ ಜೀವಿಗಳು ಅಷ್ಟು ಬೆಳೆಯಬೇಕಾದರೆ ಆಮೆ ವಾರಗಟ್ಟಲೆ ಸಮುದ್ರದಲ್ಲಿ ತೇಲುತ್ತಿತ್ತೆಂದೇ ಅರ್ಥ. ಅಲ್ಡಾಬ್ರಾದಿಂದ ಅಲ್ಲಿಗೆ 700 ಕಿಲೋಮೀಟರಿಗೂ ಹೆಚ್ಚು ದೂರ. ದೈತ್ಯ ಆಮೆ ನೀರಿನಲ್ಲಿ ತೇಲುತ್ತದೆ, ತಿಂಗಳುಗಟ್ಟಲೆ ಊಟ ನೀರಿಲ್ಲದೆ ತಾಳುತ್ತದೆ, ಹೆಣ್ಣಾದರೆ ಗಂಡಿನ ಬೀಜವನ್ನು ಒಡಲಲ್ಲಿ ಬಹುಕಾಲ ಕಾಪಿಟ್ಟುಕೊಳ್ಳುತ್ತದೆ. ಒಂದೇ ಒಂದು ಹೆಣ್ಣು ತಲುಪಿದರೂ ವಂಶ ಶುರುವಾಗಬಹುದು.

ಜೇಡ ಗಾಳಿಯಲ್ಲಿ ಬರುತ್ತದೆ. ಮರಿಜೇಡ ಎತ್ತರದ ಜಾಗಕ್ಕೆ ಹತ್ತಿ ಹೊಟ್ಟೆ ಎತ್ತಿ ನೂಲು ಬಿಡುತ್ತದೆ. ಗಾಳಿ ಆ ನೂಲನ್ನೂ ಜೇಡವನ್ನೂ ಎತ್ತಿಕೊಂಡು ಹೋಗುತ್ತದೆ. 1883ರ ಆಗಸ್ಟ್‌ನಲ್ಲಿ ಇಂಡೋನೇಷ್ಯಾದ ಕ್ರಾಕಟೋವಾ ಜ್ವಾಲಾಮುಖಿ ಸಿಡಿದು ದ್ವೀಪದ ಮೇಲಿನ ಜೀವವೆಲ್ಲ ಬೂದಿಯಡಿ ಹೂತುಹೋಯಿತು. ಮುಂದಿನ ಮೇ ತಿಂಗಳಲ್ಲಿ ಅಲ್ಲಿಗೆ ಹೋದ ಫ್ರೆಂಚ್ ತಂಡಕ್ಕೆ ಕಂಡ ಒಂದೇ ಒಂದು ಜೀವ ಪುಟ್ಟ ಜೇಡ. ಹಿಡಿಯಲು ನೊಣವೂ ಇಲ್ಲದ ಆ ಬೂದಿಯಲ್ಲಿ ಅದು ಬಲೆ ನೇಯುತ್ತಿತ್ತು.

ಬರುವುದಷ್ಟೇ ಅಲ್ಲ, ಬಂದವು ಅಲ್ಲಿ ಬೇರೆಯೇ ಆಗುತ್ತವೆ. ಅಲ್ಡಾಬ್ರಾದಲ್ಲೇ ಬಿಳಿಗಂಟಲಿನ ರೇಲ್ ಎಂಬ ಹಕ್ಕಿ ಇದೆ. ಬಹಳ ಹಿಂದೆ ಮಡಗಾಸ್ಕರ್ ಕಡೆಯಿಂದ ಹಾರಿ ಬಂದು, ಬೇಟೆಗಾರ ಪ್ರಾಣಿಗಳಿಲ್ಲದ ಆ ನೆಲದಲ್ಲಿ ಹಾರುವುದನ್ನೇ ಬಿಟ್ಟುಬಿಟ್ಟಿತು. ಸುಮಾರು 1,36,000 ವರ್ಷಗಳ ಹಿಂದೆ ದ್ವೀಪ ಪೂರ್ತಿ ಮುಳುಗಿದಾಗ ಹಾರಲಾರದ ಆ ಹಕ್ಕಿಗಳು ನಾಶವಾದವು. ಸಮುದ್ರ ಇಳಿದ ಮೇಲೆ ಅದೇ ಮೂಲದ ಹಕ್ಕಿ ಮತ್ತೆ ಹಾರಿ ಬಂದು, ಮತ್ತೊಮ್ಮೆ ಹಾರುವುದನ್ನು ಬಿಟ್ಟಿತು. ಎರಡೂ ಕಾಲದ ಮೂಳೆಗಳು ಅಲ್ಲಿ ಸಿಕ್ಕಿವೆ. 2019ರಲ್ಲಿ ಈ ವರದಿ ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಪ್ರಶ್ನೆ: ದ್ವೀಪದಲ್ಲಿ ಪ್ರಾಣಿಗಳು ಕುಳ್ಳಾಗುತ್ತವಂತೆ, ಹೌದೇ?

ಉತ್ತರ: ದೊಡ್ಡವು ಕುಗ್ಗುತ್ತವೆ, ಸಣ್ಣವು ಹಿಗ್ಗುತ್ತವೆ ಎಂಬುದು ಸ್ಥೂಲ ನಿಯಮ; ಅಪವಾದಗಳು ಬೇಕಾದಷ್ಟಿವೆ. ಮೇವು ಕಡಿಮೆ ಇರುವಲ್ಲಿ ದೊಡ್ಡ ದೇಹ ಭಾರ, ಬೇಟೆಗಾರರಿಲ್ಲದಲ್ಲಿ ಅಡಗಲು ಸಣ್ಣ ದೇಹ ಬೇಕಿಲ್ಲ. ಕ್ಯಾಲಿಫೋರ್ನಿಯಾ ತೀರದಾಚೆಯ ಚಾನೆಲ್ ದ್ವೀಪಗಳಲ್ಲಿ ಹಿಂದೆ ಕುಬ್ಜ ಮ್ಯಾಮತ್‌ಗಳಿದ್ದವು, ಅಂದರೆ ಈಗ ಅಳಿದುಹೋಗಿರುವ ಆನೆಯ ಬಂಧುಗಳು. ಅಲ್ಲಿ ಈಗಲೂ ಇರುವ ದ್ವೀಪದ ನರಿ ಸಾಕುಬೆಕ್ಕಿನ ಗಾತ್ರದ್ದು.

ಆ ನರಿಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಮೀನು ತಿನ್ನುವ ಬೋಳುಹದ್ದುಗಳಿದ್ದವು. ಡಿಡಿಟಿ ಕೀಟನಾಶಕ ಸಮುದ್ರ ಸೇರಿ, ಮೀನು ಸೇರಿ, ಹದ್ದುಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಅವು ಇಲ್ಲವಾದವು. ಬೇರೆ ಹದ್ದುಗಳನ್ನು ಅಟ್ಟುತ್ತಿದ್ದ ಕಾವಲು ಹೋಯಿತು. ಜನ ತಂದು ಬಿಟ್ಟ ಹಂದಿಗಳು ಅಲ್ಲಿ ಕಾಡುಪಾಲಾಗಿದ್ದವು. ಅವುಗಳ ಮರಿಗಳ ಆಸೆಗೆ ಹೊನ್ನಹದ್ದುಗಳು ಮುಖ್ಯಭೂಮಿಯಿಂದ ಬಂದು ನೆಲೆಸಿದವು. ಹೊನ್ನಹದ್ದಿಗೆ ನರಿ ಸುಲಭದ ತುತ್ತು. 1990ರ ದಶಕ ಮುಗಿಯುವಷ್ಟರಲ್ಲಿ ಸ್ಯಾನ್ ಮಿಗೆಲ್ ದ್ವೀಪದಲ್ಲಿ ಉಳಿದ ನರಿಗಳು 15. ನರಿಗಳನ್ನು ಗೂಡಿನಲ್ಲಿಟ್ಟು ಮರಿ ಮಾಡಿಸಿದರು, ಹೊನ್ನಹದ್ದುಗಳನ್ನು ಜೀವಂತ ಹಿಡಿದು ಮುಖ್ಯಭೂಮಿಗೆ ಸಾಗಿಸಿದರು, ಹಂದಿಗಳನ್ನು ತೆಗೆದರು, ಬೋಳುಹದ್ದುಗಳನ್ನು ಮರಳಿ ತಂದರು. 2016ರಲ್ಲಿ ಚಾನೆಲ್ ದ್ವೀಪಗಳ ಮೂರು ಉಪಜಾತಿಯ ನರಿಗಳು ಅಳಿವಿನಂಚಿನ ಪಟ್ಟಿಯಿಂದ ಹೊರಬಂದವು. ಯಾರೂ ನರಿಗೆ ಕೈ ಹಾಕಿರಲಿಲ್ಲ. ಆದರೂ ಅದು ಮುಗಿಯುತ್ತ ಬಂದಿತ್ತು. ಚಿಕ್ಕ ದ್ವೀಪದಲ್ಲಿ ಒಂದು ಎಳೆ ಎಳೆದರೆ ಎಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಹೇಳಲಾಗದು.

ಪ್ರಶ್ನೆ: ಕೆಲವು ಕಡಲಹಕ್ಕಿಗಳು ರಾತ್ರಿ ಮಾತ್ರ ಗೂಡಿಗೆ ಬರುತ್ತವೆ ಎಂದು ಬರೆದಿದ್ದಿರಿ. ಏಕೆ? ನೀವು ನೋಡಿದ್ದೀರಾ?

ಉತ್ತರ: ನೋಡಿದ್ದೇನೆ ಎನ್ನುವುದಕ್ಕಿಂತ ಕೇಳಿದ್ದೇನೆ. ವೇಲ್ಸ್ ತೀರದಾಚೆಯ ಸ್ಕೋಮರ್ ದ್ವೀಪ ಮೂರು ಚದರ ಕಿಲೋಮೀಟರ್ ಕೂಡ ಇಲ್ಲ. ಅಲ್ಲಿ ಮ್ಯಾಂಕ್ಸ್ ಶಿಯರ್‌ವಾಟರ್ ಹಕ್ಕಿಗಳ ಸುಮಾರು ಮೂರೂವರೆ ಲಕ್ಷ ಜೋಡಿಗಳು ಮೊಟ್ಟೆಯಿಡುತ್ತವೆ. ಹಗಲಿನಲ್ಲಿ ಒಂದೂ ಕಾಣುವುದಿಲ್ಲ. ಹುಲ್ಲು, ಹೂವು, ನೆಲದ ತುಂಬ ಬಿಲಗಳು, ಅಷ್ಟೇ. ಚಂದ್ರನಿಲ್ಲದ ರಾತ್ರಿ ಹತ್ತೂವರೆ ದಾಟಿದ ಮೇಲೆ ಮೊದಲ ಕೂಗು ಬರುತ್ತದೆ. ಉಸಿರು ಕಟ್ಟಿದವರು ಕರ್ಕಶವಾಗಿ ಚೀರಿದಂಥ ಆ ದನಿ ಒಂದರಿಂದ ನೂರಾಗಿ, ನೆಲದಡಿಯಿಂದಲೂ ಆಕಾಶದಿಂದಲೂ ಏಳುತ್ತದೆ. ಕತ್ತಲಲ್ಲಿ ಹಕ್ಕಿಗಳು ಧೊಪ್ಪನೆ ನೆಲಕ್ಕೆ ಬೀಳುತ್ತವೆ. ಕೆಲವು ಪಕ್ಕದಲ್ಲಿ ಕೂತವರ ಮೈಮೇಲೇ ಬೀಳುತ್ತವೆ.

ಕಾರಣ ಅವುಗಳ ಕಾಲಿನಲ್ಲಿದೆ. ನೀರಿನಡಿ ಈಜಲೆಂದು ಕಾಲುಗಳು ದೇಹದ ತೀರಾ ಹಿಂಭಾಗಕ್ಕೆ ಸರಿದಿವೆ. ಕೆಂಪು ಬಟ್ಟೆ ಸುತ್ತಿದ ಟಾರ್ಚಿನ ಮಬ್ಬು ಬೆಳಕಿನಲ್ಲಿ ಒಂದನ್ನು ಹತ್ತಿರದಿಂದ ನೋಡಿದೆ. ಎದೆ ನೆಲಕ್ಕೆ ಒತ್ತಿ, ರೆಕ್ಕೆಗಳನ್ನು ಊರಿ, ತೆವಳಿಕೊಂಡು ಎರಡು ಮಾರು ದೂರದ ಬಿಲ ಸೇರಲು ಅದು ಮೂರು ಸಲ ನಿಂತು ಸುಧಾರಿಸಿಕೊಂಡಿತು. ಆಕಾಶದಲ್ಲಿ ಅದರ ಸಮಾನರಿಲ್ಲ, ನೆಲದ ಮೇಲೆ ಅದಕ್ಕಿಂತ ಅಸಹಾಯಕ ಇನ್ನೊಂದಿಲ್ಲ. ಬೆಳಕಿದ್ದರೆ ದೊಡ್ಡ ಕರಿಬೆನ್ನಿನ ಗಲ್ ಹಕ್ಕಿಗಳು ಕೊಂದು ತಿನ್ನುತ್ತವೆ. ಬೆಳಿಗ್ಗೆ ದಾರಿಯಲ್ಲಿ ಒಳಗು ಹೊರಗಾದ ಚರ್ಮ, ಅದಕ್ಕೆ ಇನ್ನೂ ಅಂಟಿಕೊಂಡ ಎರಡು ರೆಕ್ಕೆಗಳು ಸಿಗುತ್ತವೆ.

ಇವುಗಳನ್ನು ಎಣಿಸುವುದು ಹೇಗೆ ಎಂದೂ ಕೇಳಿದ್ದೀರಿ. ಬಿಲದ ಬಾಯಲ್ಲಿ ಹಕ್ಕಿಯ ಕೂಗಿನ ಧ್ವನಿಮುದ್ರಣ ಹಾಕುತ್ತೇವೆ. ಒಳಗೆ ಕಾವಿಗೆ ಕೂತ ಹಕ್ಕಿ ಸಿಟ್ಟಿನಿಂದ ಉತ್ತರ ಕೊಡುತ್ತದೆ. ಎಲ್ಲವೂ ಉತ್ತರಿಸುವುದಿಲ್ಲವಾದ್ದರಿಂದ ಆ ಪಾಲನ್ನು ಲೆಕ್ಕಕ್ಕೆ ಸೇರಿಸಬೇಕು. ವರ್ಷಕ್ಕೆ ಒಂದೇ ಮೊಟ್ಟೆ. ಮರಿ ಬಲಿತ ಮೇಲೆ ದಕ್ಷಿಣ ಅಮೆರಿಕದ ಕಡಲಿಗೆ ಹೋಗುತ್ತವೆ, ಮರಳಿ ಅದೇ ದ್ವೀಪಕ್ಕೆ, ಬಹುಮಟ್ಟಿಗೆ ಅದೇ ಬಿಲಕ್ಕೆ ಬರುತ್ತವೆ. 1952ರಲ್ಲಿ ಪಕ್ಕದ ಸ್ಕೋಖೋಮ್ ದ್ವೀಪದಿಂದ ಒಂದು ಹಕ್ಕಿಯನ್ನು ವಿಮಾನದಲ್ಲಿ ಅಮೆರಿಕದ ಬಾಸ್ಟನ್‌ಗೆ ಒಯ್ದು ಬಿಟ್ಟರು. ಅದು ಎಂದೂ ನೋಡಿರದ ಕಡಲನ್ನು ದಾಟಿ, ಸುಮಾರು 5,000 ಕಿಲೋಮೀಟರ್ ಹಾರಿ, ಹನ್ನೆರಡೂವರೆ ದಿನಗಳಲ್ಲಿ ತನ್ನ ಬಿಲದಲ್ಲಿತ್ತು. ಹಕ್ಕಿಯನ್ನು ಬಿಟ್ಟಿದ್ದೇವೆಂದು ಬಾಸ್ಟನ್‌ನಿಂದ ಹಾಕಿದ ಕಾಗದ ತಲುಪಿದ್ದು ಅದರ ನಂತರ.

ಪ್ರಶ್ನೆ: ಹಕ್ಕಿ ಉಳಿಸಲೆಂದು ದ್ವೀಪಗಳಲ್ಲಿ ಇಲಿಗಳಿಗೆ ವಿಷ ಹಾಕುತ್ತಾರೆ ಎಂದು ಓದಿ ಬೇಸರವಾಯಿತು. ಇಲಿಯೂ ಜೀವವಲ್ಲವೇ? ಇದು ಯಾವ ನ್ಯಾಯ?

ಉತ್ತರ: ಈ ಪತ್ರವನ್ನು ಮತ್ತೆ ಮತ್ತೆ ಓದಿದೆ. ಇಲಿ ಜೀವವೇ. ಅಲ್ಲಿ ಬಳಸುವ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳಲ್ಲಿ ಕೊಲ್ಲುತ್ತದೆ. ಅದು ನೋವಿಲ್ಲದ ಸಾವಲ್ಲ. ಇದನ್ನು ಮುಚ್ಚಿಟ್ಟು ವಾದಿಸುವುದು ಸರಿಯಲ್ಲ. ಆದರೂ ನಾನು ಆ ಕೆಲಸದ ಪರ. ಏಕೆಂದು ಹೇಳುತ್ತೇನೆ.

1918ರಲ್ಲಿ ಆಸ್ಟ್ರೇಲಿಯದ ಪೂರ್ವಕ್ಕಿರುವ ಲಾರ್ಡ್ ಹೋವ್ ದ್ವೀಪದ ಬಳಿ ಮಕಾಂಬೊ ಎಂಬ ಹಡಗು ನೆಲಕ್ಕೆ ತಾಗಿ ನಿಂತಿತು. ಅದರಿಂದ ಕಪ್ಪು ಇಲಿಗಳು ಇಳಿದವು. ಕೆಲವೇ ವರ್ಷಗಳಲ್ಲಿ, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಐದು ಬಗೆಯ ಹಕ್ಕಿಗಳು ಅಲ್ಲಿಂದ ಮಾಯವಾದವು. ಜೊತೆಗೆ ಅಂಗೈ ಉದ್ದದ, ರೆಕ್ಕೆಯಿಲ್ಲದ ಕಪ್ಪು ಕಡ್ಡಿಕೀಟವೂ ಹೋಯಿತು. 1920ರ ಹೊತ್ತಿಗೆ ಅದು ಅಳಿಯಿತೆಂದೇ ಎಲ್ಲರೂ ನಂಬಿದರು. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಬಾಲ್ಸ್ ಪಿರಮಿಡ್ ಎಂಬ ಬಂಡೆ ಕಡಲಿನಿಂದ 550 ಮೀಟರಿಗೂ ಎತ್ತರಕ್ಕೆ ಚೂಪಾಗಿ ಎದ್ದಿದೆ. 2001ರಲ್ಲಿ ಅದನ್ನು ಹತ್ತಿದ ಸಣ್ಣ ತಂಡವೊಂದು ಕಡಿದಾದ ಬದಿಯಲ್ಲಿ ಬೆಳೆದ ಒಂದು ಪೊದೆಯ ಕೆಳಗೆ ದೊಡ್ಡ ಕೀಟದ ಹಿಕ್ಕೆ ಕಂಡಿತು. ರಾತ್ರಿ ಟಾರ್ಚು ಹಿಡಿದು ಮತ್ತೆ ಹತ್ತಿದರು. ಪೊದೆಯ ಮೇಲೆ ಆ ಕಡ್ಡಿಕೀಟಗಳು ಓಡಾಡುತ್ತಿದ್ದವು. ಆ ಜಾಗದಲ್ಲಿ ಸಿಕ್ಕವು 24. ಭೂಮಿಯ ಮೇಲೆ ಬೇರೆಲ್ಲೂ ಅದು ಉಳಿದದ್ದು ಗೊತ್ತಿರಲಿಲ್ಲ. 2003ರಲ್ಲಿ ಎರಡು ಜೋಡಿಗಳನ್ನು ಮಾತ್ರ ತಂದರು. ಮೆಲ್ಬರ್ನ್ ಮೃಗಾಲಯಕ್ಕೆ ಹೋದ ಜೋಡಿಯ ಸಂತತಿ ಸಾವಿರಾರಾಯಿತು.

ಈಗ ಇಲಿಗಳನ್ನು ಬಿಟ್ಟುಬಿಡೋಣ ಎಂದರೆ ಆ ಕೀಟಗಳಿಗೆ ತಾಯ್ನೆಲ ಎಂದಿಗೂ ಇಲ್ಲ. 2019ರಲ್ಲಿ ಲಾರ್ಡ್ ಹೋವ್‌ನಲ್ಲಿ ವಿಷದ ಕಾಳು ಹಾಕಿದರು. ಅದಕ್ಕೆ ಮೊದಲು ಹಾರಲಾರದ ಕಾಡುಕೋಳಿಗಳನ್ನು, ವಿಷ ತಿಂದಾವೆಂದು, ಹಿಡಿದು ಸುರಕ್ಷಿತ ಗೂಡುಗಳಲ್ಲಿ ಇರಿಸಿದ್ದರು. ಹೊರಬಿಟ್ಟ ಮೇಲೆ ಅವು ಹಲವು ಪಟ್ಟು ಹೆಚ್ಚಿವೆ. 2021ರಲ್ಲಿ ಮತ್ತೆ ಇಲಿ ಕಂಡಾಗ ಹುಡುಕಾಟ ಹೊಸದಾಗಿ ಶುರುವಾಯಿತು. ಒಂದು ಬಸಿರಿ ಇಲಿ ಉಳಿದರೂ ಎಲ್ಲ ವ್ಯರ್ಥ.

ಇಲಿಯ ಹಾನಿ ನೆಲದಲ್ಲೇ ನಿಲ್ಲುವುದಿಲ್ಲ. ಚಾಗೋಸ್ ದ್ವೀಪಗಳಲ್ಲಿ ಇಲಿ ಇರುವವನ್ನೂ ಇಲ್ಲದವನ್ನೂ ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಲಿ ಇಲ್ಲದ ದ್ವೀಪಗಳಲ್ಲಿ ಕಡಲಹಕ್ಕಿಗಳ ಸಾಂದ್ರತೆ 760 ಪಟ್ಟು ಹೆಚ್ಚಿತ್ತು. ಹಕ್ಕಿಗಳು ದೂರದ ಕಡಲಿನಲ್ಲಿ ಮೀನು ತಿಂದು ದ್ವೀಪದಲ್ಲಿ ಹಿಕ್ಕೆ ಹಾಕುತ್ತವೆ. ಮಳೆ ಅದನ್ನು ಹವಳದ ದಿಬ್ಬಕ್ಕೆ ತೊಳೆಯುತ್ತದೆ. ಅಲ್ಲಿ ಪಾಚಿ ಬೆಳೆದು ಮೀನು ಬೆಳೆಯುತ್ತದೆ. ಅಂಥ ದಿಬ್ಬಗಳಲ್ಲಿ ಮೀನಿನ ಒಟ್ಟು ತೂಕ ಸುಮಾರು ಅರ್ಧದಷ್ಟು ಹೆಚ್ಚಿತ್ತು. ಮೊಟ್ಟೆ ಕದಿಯುವ ಇಲಿ ನೀರಿನೊಳಗಿನ ಮೀನನ್ನೂ ಬಡವಾಗಿಸುತ್ತದೆ.

ಆದರೆ ಅರೆಬರೆ ಕೆಲಸವನ್ನು ನಾನು ಒಪ್ಪುವುದಿಲ್ಲ. ವರ್ಷವರ್ಷವೂ ಸ್ವಲ್ಪ ವಿಷ ಹಾಕಿ ಸ್ವಲ್ಪ ಇಲಿ ಕೊಲ್ಲುವುದು ಬರೀ ಕ್ರೌರ್ಯ. ಅದರಿಂದ ಯಾವ ಹಕ್ಕಿಯೂ ಉಳಿಯದು. ಎಲ್ಲ ಹಾನಿಕಾರಕಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ ಕಷ್ಟ. ಮ್ಯಾಕ್ವಾರಿ ದ್ವೀಪದಲ್ಲಿ 2000ದ ಹೊತ್ತಿಗೆ ಬೆಕ್ಕುಗಳನ್ನು ತೆಗೆದರು. ಆ ಬಳಿಕ ಮೊಲಗಳು ವಿಪರೀತ ಹೆಚ್ಚಿದವು, ಬೆಕ್ಕಿಲ್ಲದ್ದು ಅದಕ್ಕೆ ಒಂದು ಕಾರಣ. ಅವು ಇಳಿಜಾರಿನ ಹುಲ್ಲನ್ನು ಮೇಯ್ದು ಬರಿದು ಮಾಡಿದವು. ಮೊಲ, ಇಲಿ, ಸುಂಡಿಲಿ ಮೂರನ್ನೂ ಒಟ್ಟಿಗೆ ತೆಗೆದು 2014ರಲ್ಲಿ ಕೆಲಸ ಮುಗಿಸಬೇಕಾಯಿತು.

ಪ್ರಶ್ನೆ: ಸಮುದ್ರ ಏರಿದರೆ ಈ ದ್ವೀಪಗಳೆಲ್ಲ ಮುಳುಗುತ್ತವೆಯೇ?

ಉತ್ತರ: ಎಲ್ಲವೂ ಒಂದೇ ರೀತಿ ಅಲ್ಲ. ಪೆಸಿಫಿಕ್‌ನ ಪುಟ್ಟ ದೇಶ ತುವಾಲುವಿನ ನೂರೊಂದು ದ್ವೀಪಗಳ ಹಳೆಯ ಮತ್ತು ಹೊಸ ಚಿತ್ರಗಳನ್ನು ಹೋಲಿಸಿದಾಗ 1971ರಿಂದ 2014ರವರೆಗೆ ಒಟ್ಟು ನೆಲ ಶೇ. 2.9ರಷ್ಟು ಹೆಚ್ಚಾಗಿತ್ತು. ಸಮುದ್ರ ಅಲ್ಲಿ ಏರುತ್ತಲೇ ಇತ್ತು. ಅಲೆಗಳು ಹವಳದ ಮರಳನ್ನು ತಂದು ಸುರಿಯುತ್ತಲೂ ಇದ್ದವು. ಆದರೆ ನೀರು ಬಿಸಿಯಾಗಿ ಹವಳ ಸತ್ತರೆ ಮರಳಿನ ಕಣಜವೇ ಬರಿದಾಗುತ್ತದೆ. ನೆಲ ಉಳಿದರೂ ಅಲೆ ಉಕ್ಕಿ ಬಾವಿ ಉಪ್ಪಾದರೆ ಬದುಕು ಉಳಿಯದು.

ಆಗಲೇ ಹೋದವೂ ಇವೆ. 2018ರ ಅಕ್ಟೋಬರ್‌ನಲ್ಲಿ ಹವಾಯಿಯ ಈಸ್ಟ್ ದ್ವೀಪ ಒಂದೇ ಚಂಡಮಾರುತಕ್ಕೆ ಕೊಚ್ಚಿಹೋಯಿತು. ಹಸಿರು ಕಡಲಾಮೆಗಳು ಮೊಟ್ಟೆಯಿಡುತ್ತಿದ್ದ ಜಾಗ ಅದು. ಆಸ್ಟ್ರೇಲಿಯದ ಉತ್ತರ ತುದಿಯಾಚೆ ಬ್ರ್ಯಾಂಬಲ್ ಕೇ ಎಂಬ ಮರಳಿನ ತುಣುಕಿದೆ; ಅದರ ಎತ್ತರ ಮೂರು ಮೀಟರಿನಷ್ಟು. ಅಲ್ಲಿ ಮಾತ್ರ ಬದುಕಿದ್ದ ಕಂದು ಬಣ್ಣದ ಇಲಿಯೊಂದಿತ್ತು, ಮೆಲೊಮಿಸ್. ಉಕ್ಕಿದ ಕಡಲು ಮತ್ತೆ ಮತ್ತೆ ದ್ವೀಪದ ಮೇಲೆ ಹರಿದು ಅದು ತಿನ್ನುತ್ತಿದ್ದ ಗಿಡಗಳು ಸತ್ತವು. 2009ರಲ್ಲಿ ಕಡೆಯ ಬಾರಿ ಕಂಡಿತ್ತು. 2019ರಲ್ಲಿ ಆಸ್ಟ್ರೇಲಿಯ ಸರ್ಕಾರ ಅದು ಅಳಿದಿದೆ ಎಂದು ಘೋಷಿಸಿತು. ಮನುಷ್ಯ ತಂದ ಹವಾಮಾನ ಬದಲಾವಣೆಗೆ ಬಲಿಯಾದ ಮೊದಲ ಸಸ್ತನಿ ಎಂದು ಅದನ್ನು ದಾಖಲಿಸಲಾಗಿದೆ. ಇಲಿಯೂ ಜೀವವಲ್ಲವೇ ಎಂದು ಕೇಳಿದ ಓದುಗರು ಇದನ್ನು ದಯವಿಟ್ಟು ಗಮನಿಸಬೇಕು. ನಮಗೆ ಇಲಿಯ ಮೇಲೆ ಹಗೆಯಿಲ್ಲ. ಆ ಇಲಿಗಾಗಿ ನಾನು ಅತ್ತಿದ್ದೇನೆ.

ಪ್ರಶ್ನೆ: ಹಕ್ಕಿಗಳ ದ್ವೀಪಕ್ಕೆ ಹೋಗುವ ಅವಕಾಶ ಸಿಕ್ಕಿದೆ. ಏನು ಜಾಗ್ರತೆ ವಹಿಸಬೇಕು?

ಉತ್ತರ: ಹೊರಡುವ ಹಿಂದಿನ ದಿನವೇ ಕೆಲಸ ಶುರು. ಬೂಟಿನ ಅಡಿಯ ಮಣ್ಣನ್ನು ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಕಾಲುಚೀಲ, ಜೇಬಿನ ಮೂಲೆ, ಚೀಲದ ಹೊಲಿಗೆ, ಅಂಟುಪಟ್ಟಿ ಇವುಗಳಲ್ಲಿ ಹುಲ್ಲಿನ ಬೀಜ ಸಿಕ್ಕಿಕೊಂಡಿರುತ್ತದೆ. ಚಿಮುಟದಿಂದ ಒಂದೊಂದಾಗಿ ತೆಗೆಯಿರಿ. ಸಾಮಾನನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ದೋಣಿಗೆ ಏರಿಸುವ ಮೊದಲು ಬಿಚ್ಚಿ ನೋಡಿ: ಇಲಿ, ಇರುವೆ, ಹಲ್ಲಿಯ ಮೊಟ್ಟೆ. ಸುರ್ಟ್ಸೆಯಲ್ಲಿ ವಿಜ್ಞಾನಿಗಳಿಗೆ ಮಾತ್ರ ಪ್ರವೇಶ. ಅಷ್ಟಿದ್ದೂ ಅಲ್ಲಿ ಒಮ್ಮೆ ಟೊಮೆಟೊ ಗಿಡ ಮೊಳೆತಿತ್ತು. ಯಾರೋ ಒಬ್ಬರು ಬಯಲಿಗೆ ಕೂತದ್ದರ ಫಲ. ಗಿಡವನ್ನು ಕಿತ್ತು ಹಾಕಬೇಕಾಯಿತು.

ಇಳಿದ ಮೇಲೆ ದಾರಿ ಬಿಟ್ಟು ಕಾಲಿಡಬೇಡಿ. ಬಿಲಗಳ ಚಾವಣಿ ತೆಳು. ನಿಮ್ಮ ತೂಕಕ್ಕೆ ಕುಸಿದರೆ ಒಳಗಿನ ಮೊಟ್ಟೆಯೋ ಮರಿಯೋ ಹೂತುಹೋಗುತ್ತದೆ. ತಪ್ಪಿ ಕುಸಿದರೆ ಸುಮ್ಮನೆ ಮುಂದೆ ಹೋಗದೆ ಕೈಯಿಂದ ಮಣ್ಣು ತೆಗೆದು, ಬಿಲದ ಬಾಯಿ ಬಿಡಿಸಿ, ಮೇಲೆ ಚಪ್ಪಟೆ ಕಲ್ಲೋ ಹಲಗೆಯೋ ಮುಚ್ಚಿ, ಕಾವಲುಗಾರರಿಗೆ ಜಾಗ ತೋರಿಸಿ. ರಾತ್ರಿ ಬಿಳಿ ಬೆಳಕು ಬೇಡ, ಕಿಟಕಿಗೆ ಪರದೆ ಎಳೆಯಿರಿ. ಮಂಜು ಕವಿದ ರಾತ್ರಿ ಹಕ್ಕಿಗಳು ಬೆಳಕಿಗೆ ಬಂದು ಬಡಿಯುತ್ತವೆ. ಗಲ್ ಹಕ್ಕಿಗಳು ಕೂಗುತ್ತ ತಲೆಯ ಮೇಲೆ ಎರಗಿದರೆ ನೀವು ಅವುಗಳ ಮರಿಯ ಹತ್ತಿರ ಇದ್ದೀರಿ ಎಂದರ್ಥ. ಬಂದ ದಾರಿಯಲ್ಲೇ ಹೆಜ್ಜೆ ನೋಡಿಕೊಂಡು ಹಿಂದಕ್ಕೆ ಸರಿಯಿರಿ.